ಬದುಕಿದ್ದವರಿಗೆ ಒಂದು ನಿಮಿಷ ಮೌನ

ನಿವೃತ್ತರಾದವರು ಬರೆಯುವ ಅನುಭವ ಕಥನಗಳ ಬಗ್ಗೆ ನನಗೆ ಮೊದಲಿಂದಲೂ ತಕರಾರಿದೆ. ಅವುಗಳಲ್ಲಿ ಬರೆದವರು ಯಾವತ್ತೂ ಸರಿಯಾಗಿಯೇ ಇರುತ್ತಾರೆ. ಮೇಲಧಿಕಾರಿ ಮೊದಲು ಗದರುತ್ತಾರೆ, ಆಮೇಲೆ ಬೆನ್ನು ತಟ್ಟುತ್ತಾರೆ, ಕೊನೆಗೆ ಒಂದು ಶಾಲು ಬರುತ್ತದೆ. ಈ ತಕರಾರನ್ನು ಬಗಲಲ್ಲಿ ಇಟ್ಟುಕೊಂಡೇ ನಾನೂ ಒಂದು ಬರೆಯಲು ಕೂತಿದ್ದೇನೆ. ನನಗಿನ್ನೂ ಅರವತ್ತಾಗಿಲ್ಲ, ಅದರ ಅರ್ಧ ದಾಟಿ ಸ್ವಲ್ಪ ಆಗಿದೆ ಅಷ್ಟೆ. ಆದರೂ ಇದು ನಿವೃತ್ತಿಯೇ ಎಂದು ನನ್ನ ವಾದ. ನಾನು ಮಾಡುತ್ತಿದ್ದ ಕೆಲಸವೇ ನಿವೃತ್ತಿಯಾಗಿ ಹೋಯಿತು, ಅದರ ಜೊತೆ ನಾನೂ ಎದ್ದು ಬಂದೆ. ಒಪ್ಪದವರು ವಿರೋಧ ಪಕ್ಷದ ಬೆಂಚಿನಲ್ಲಿ ಕೂರಬಹುದು, ಅವರಿಗೂ ಮೈಕು ಕೊಡೋಣ.

ನನ್ನ ಹೆಸರು ತಬಸ್ಸುಮ್. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮನೆ, ಅಬ್ಬಾಗೆ ಬಳೆ ಅಂಗಡಿ. ಕಾಲೇಜಿನಲ್ಲಿ ನಾನು ಚರ್ಚಾ ಸ್ಪರ್ಧೆಯವಳು. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ, ಎರಡರಲ್ಲೂ ಅಷ್ಟೇ ಪ್ರಾಮಾಣಿಕವಾಗಿ ಕೂಗಾಡುತ್ತಿದ್ದೆ. ಅಮ್ಮಿ ಮನೆಯ ಉರ್ದುವಿನಲ್ಲಿ ಹೇಳುತ್ತಿದ್ದ ಮಾತನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ಈ ಹುಡುಗಿಯ ಬಾಯಿಗೆ ದೇವರು ಬಾಗಿಲು ಇಟ್ಟ, ಚಿಲಕ ಹಾಕುವುದನ್ನು ಮರೆತ. ಅಂಥವಳಿಗೆ ಸಿಕ್ಕಿದ್ದು ಮಾತನ್ನು ತಡೆದು ಹಿಡಿಯುವ ಕೆಲಸ. ನಗಬೇಕಾದವರು ಈಗಲೇ ನಕ್ಕುಬಿಡಿ, ಮುಂದೆ ನಗುವುದಕ್ಕೆ ಬೇರೆ ಕಾರಣಗಳಿವೆ.

ನಮ್ಮ ಆಫೀಸು ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆ. ಮಾಲೀಕರು ನಯಾಜ್ ಸರ್. ಸಂದರ್ಶನದಲ್ಲಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ತಪ್ಪು ಪ್ರಶ್ನೆ ಎಂದು ನಾನು ವಾದಿಸಿದೆ. ಚಹಾ ಆರಿ ತಣ್ಣಗಾಗುವವರೆಗೆ ಅವರೂ ಬಿಡಲಿಲ್ಲ. ಕೊನೆಗೆ ಕೆಲಸ ಕೊಟ್ಟರು. ಯಾಕೆ ಕೊಟ್ಟಿರಿ ಎಂದು ಎಷ್ಟೋ ಸಲ ಕೇಳಿದ್ದೇನೆ, ಸುಮ್ಮನಾಗಲಿ ಅಂತ ಕೊಟ್ಟೆ ಅನ್ನುತ್ತಾರೆ. ಆ ಉದ್ದೇಶವಂತೂ ಈಡೇರಲಿಲ್ಲ.

ನಾವು ಮಾಡುತ್ತಿದ್ದುದು ಸಭೆಗಳ ನಿರೂಪಣೆ ಬರೆದುಕೊಡುವ ಸಾಫ್ಟ್‌ವೇರ್. ಶಾಲೆಯ ವಾರ್ಷಿಕೋತ್ಸವ, ಸಂಘದ ಉದ್ಘಾಟನೆ, ಬೀಳ್ಕೊಡುಗೆ ಯಾವುದೇ ಇರಲಿ, ಅಧ್ಯಕ್ಷರು ಯಾರು, ಮುಖ್ಯ ಅತಿಥಿ ಯಾರು, ಹಾರ ಯಾರಿಗೆ, ಹಣ್ಣಿನ ಬುಟ್ಟಿ ಯಾರಿಗೆ ಎಂದು ತುಂಬಿದರೆ ಸಾಕು. ಪ್ರಾರ್ಥನೆಯಿಂದ ವಂದನಾರ್ಪಣೆಯವರೆಗೆ ಮೈಕಿನ ಮುಂದೆ ಓದಬೇಕಾದ್ದೆಲ್ಲ ಟ್ಯಾಬ್ ಮೇಲೆ ಮೂಡಿ ಬರುತ್ತಿತ್ತು. ಕೆಳಗೆ ಕೂರುವವರಿಗಿಂತ ವೇದಿಕೆಯ ಮೇಲೆ ಕೂರುವವರೇ ಹೆಚ್ಚಿರುವ ನಮ್ಮ ಕಡೆ ಇದಕ್ಕೆ ಒಳ್ಳೆ ಬೇಡಿಕೆ. ಪ್ರತಿಯೊಂದು ಭಾಗಕ್ಕೂ ಒಂದು ಅಚ್ಚು, ಅಂದರೆ ಟೆಂಪ್ಲೇಟು, ಇರುತ್ತಿತ್ತು: ಸ್ವಾಗತದ್ದೊಂದು, ಸ್ಮರಣೆಯದ್ದೊಂದು, ಸನ್ಮಾನದ್ದೊಂದು. ಅಚ್ಚಿನೊಳಗೆ ಅಚ್ಚು, ಅದರೊಳಗೆ ಇನ್ನೊಂದು.

ಈಗ ಇಂಥ ಕೆಲಸಕ್ಕೆ ಸೇರುವವರು ಸ್ವಲ್ಪ ಗಮನ ಕೊಡಿ, ಉಳಿದವರೂ ಎದ್ದು ಹೋಗಬೇಡಿ, ಇದು ಅಡುಗೆಮನೆಯ ವಿಷಯ. ಬರೆ ಎಂದ ಕೂಡಲೇ ಯಂತ್ರ ನೇರವಾಗಿ ಹೊರಗೆ ಬರೆದುಬಿಡುತ್ತದೆ, ನನ್ನ ಬಾಯಿಯ ಹಾಗೆ. ಅದನ್ನು ತಡೆಯಬೇಕೆಂದರೆ ಕೆಳಗೊಂದು ಪಾತ್ರೆ ಇಡಬೇಕು. ಇನ್ನು ಮೇಲೆ ಬರೆದದ್ದೆಲ್ಲ ಇದಕ್ಕೆ ಬೀಳಲಿ ಎಂದು ಹೇಳಬೇಕು. ಇದಕ್ಕೆ ಬಫರ್ ಅನ್ನುತ್ತಾರೆ. ಬಿದ್ದದ್ದನ್ನು ನೋಡಿ ಬೇಕಾದರೆ ಬಳಸಬಹುದು, ಬೇಡವಾದರೆ ಚೆಲ್ಲಬಹುದು. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಒಗ್ಗರಣೆಯನ್ನು ಬೇರೆ ಸೌಟಿನಲ್ಲಿ ಮಾಡುತ್ತೀವಲ್ಲ, ಹಾಗೆ. ಸಾಸಿವೆ ಸೀದು ಹೋದರೆ ಸೌಟಿನದ್ದನ್ನು ಮಾತ್ರ ಚೆಲ್ಲಿದರಾಯಿತು, ಸಾರು ಉಳಿಯುತ್ತದೆ. ಪಾತ್ರೆಯ ಮೇಲೆ ಪಾತ್ರೆ ಎಷ್ಟು ಬೇಕಾದರೂ ಇಡಬಹುದು. ಆದರೆ ಬರೆದದ್ದು ಯಾವಾಗಲೂ ಕೊನೆಯಲ್ಲಿ ಇಟ್ಟ ಪಾತ್ರೆಗೇ ಬೀಳುತ್ತದೆ, ಕೊನೆಯಲ್ಲಿ ಇಟ್ಟದ್ದನ್ನೇ ಮೊದಲು ಎತ್ತಬೇಕು. ಇಷ್ಟೇ ವಿದ್ಯೆ. ಇಷ್ಟರಲ್ಲೇ ನಾವು ಎಷ್ಟು ಸಲ ಮುಗ್ಗರಿಸಿದ್ದೇವೆ ಎಂದರೆ, ಅದನ್ನು ಹೇಳುವುದಕ್ಕೇ ಈ ಲೇಖನ.

ಮೊದಲ ಅಚ್ಚುಗಳನ್ನೆಲ್ಲ ಬರೆದವನು ಶಿವಕುಮಾರ, ತುಮಕೂರು ಪಕ್ಕದ ಕೋರ ಎಂಬ ಊರಿನವನು. ದಿನಾ ಬೈಕಿನಲ್ಲಿ ಬರುತ್ತಿದ್ದ. ವ್ಯವಸಾಯದ ಮನೆಯವನು, ನನಗಿಂತ ದೊಡ್ಡವನು, ಕೋಪ ಎಂಬುದೇ ಗೊತ್ತಿಲ್ಲದವನು. ಅವನಿಗೊಂದು ಅಭ್ಯಾಸವಿತ್ತು. ಅವರ ಮನೆಯಲ್ಲಿ ಕೊನೆಗೆ ಹೊರಡುವವರು ಬೋರಿನ ಮೋಟ್ರಿನಿಂದ ಹಿಡಿದು ಬಚ್ಚಲಿನ ಬಲ್ಬಿನವರೆಗೆ ಎಲ್ಲವನ್ನೂ ಆರಿಸಿ ಹೊರಡಬೇಕು. ಅದೇ ಸಂಸ್ಕಾರದಿಂದ ಅವನು ತನ್ನ ಪ್ರತಿಯೊಂದು ಅಚ್ಚಿನ ಕೊನೆಯಲ್ಲೂ ಒಂದು ಸಾಲು ಬರೆದಿದ್ದ: ಇಟ್ಟಿರುವ ಪಾತ್ರೆಗಳೆಷ್ಟಿವೆಯೋ ಎಲ್ಲವನ್ನೂ ಹೊರಗೆ ಸುರಿದುಬಿಡು.

ನಾವು ವಂದನಾರ್ಪಣೆಯನ್ನು ಮೊದಲೇ ಬೇಯಿಸಿ ಒಂದು ಪಾತ್ರೆಯಲ್ಲಿ ಎತ್ತಿಡುತ್ತಿದ್ದೆವು. ಸ್ವಾಗತದಲ್ಲಿ ಬಂದ ಹೆಸರು ವಂದನೆಯಲ್ಲಿ ಬಿಟ್ಟುಹೋದರೆ ನಮ್ಮ ಜನ ಸುಮ್ಮನಿರುವುದಿಲ್ಲವಲ್ಲ, ಎರಡೂ ತಾಳೆಯಾಗಬೇಕು. ಶಿವಕುಮಾರನ ಒಂದು ಚಿಕ್ಕ ಅಚ್ಚು ಮುಗಿಯಿತು, ಹೊರಡುವ ಮುನ್ನ ಮನೆಯೆಲ್ಲ ಆರಿಸಿತು, ಎತ್ತಿಟ್ಟಿದ್ದ ವಂದನಾರ್ಪಣೆ ಎಲ್ಲಕ್ಕಿಂತ ಮೊದಲೇ ಹೊರಗೆ ಸುರಿಯಿತು. ಕುಣಿಗಲ್ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವ ಅದು. ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ಟ್ಯಾಬ್ ಹೇಳಿದ್ದನ್ನು ನಿಷ್ಠೆಯಿಂದ ಓದಿದರು. ಇಲ್ಲಿಗೆ ಈ ಕಾರ್ಯಕ್ರಮ ಮುಕ್ತಾಯವಾಯಿತು, ಎಲ್ಲರೂ ಲಘು ಉಪಾಹಾರ ಸ್ವೀಕರಿಸಬೇಕು ಎಂದರು. ಮುಖ್ಯ ಅತಿಥಿ ಆಗಷ್ಟೇ ಕಾರಿನಿಂದ ಇಳಿಯುತ್ತಿದ್ದರಂತೆ. ಮೇಷ್ಟ್ರು ನನಗೆ ಫೋನ್ ಮಾಡಿದರು.

"ಮೇಡಂ, ವಂದನಾರ್ಪಣೆ ಆಗೋಯ್ತು. ಈಗ ಏನ್ ಮಾಡ್ಲಿ?"

"ಮಕ್ಕಳನ್ನ ವಾಪಸ್ ಕೂರಿಸಿ ಸರ್."

"ಕೈಯಲ್ಲಿ ಉಪ್ಪಿಟ್ಟು ಐತೆ ಮೇಡಂ. ಕೂರ್ತಾರಾ?"

ಉಪ್ಪಿಟ್ಟು ಮುಗಿದ ಮೇಲೆ ಕೂರಿಸಿ ಎಂದು ಫೋನ್ ಇಟ್ಟೆ. ಶಿವಕುಮಾರನನ್ನು ಕೇಳಿದರೆ ಅವನು ತಣ್ಣಗೆ ಹೇಳಿದ:

"ಹೊರಡೋ ಮುಂಚೆ ಎಲ್ಲಾ ಆಫ್ ಮಾಡ್ಬೇಕು ಕಣಮ್ಮಾ. ನಮ್ಮವ್ವ ಹೇಳ್ಕೊಟ್ಟಿರೋದೇ ಹಂಗೆ."

"ನಿಮ್ಮನೇದು ಆಫ್ ಮಾಡಿ ಶಿವಣ್ಣ. ಪಕ್ಕದ್ಮನೆಯವ್ರ ಮೋಟ್ರು ಯಾಕ್ ಆಫ್ ಮಾಡ್ತೀರಾ?"

ಅವನು, ಅದೂ ಸರಿನೇ ಬುಡು ಎಂದು ಆ ಸಾಲನ್ನು ಎಲ್ಲ ಕಡೆಯಿಂದ ಅಳಿಸಿದ. ಇಷ್ಟು ಸುಲಭವಾಗಿ ಗೆದ್ದರೆ ನನಗೆ ಸಮಾಧಾನವೇ ಆಗುವುದಿಲ್ಲ. ಅದಕ್ಕೇ ಒಂದು ನಿಯಮವನ್ನೇ ಮಂಡಿಸಿದೆ: ಇಟ್ಟವರೇ ಎತ್ತಬೇಕು. ಯಾವ ಅಚ್ಚು ಪಾತ್ರೆ ಇಟ್ಟಿತೋ ಅದೇ ಎತ್ತಬೇಕು, ತನ್ನದನ್ನು ಮಾತ್ರ ಎತ್ತಬೇಕು, ಎತ್ತದೆ ಬರಕೂಡದು.

ಮೊದಲೆರಡು ಭಾಗಗಳನ್ನು ನಯಾಜ್ ಸರ್ ಒಪ್ಪಿದರು. ಮೂರನೆಯದಕ್ಕೆ ತಲೆ ಅಲ್ಲಾಡಿಸಿದರು. ಯಾವುದಾದರೂ ಪಾತ್ರೆ ಉಳಿದುಹೋದರೆ ಕೆಲಸವೆಲ್ಲ ಮುಗಿದ ಮೇಲೆ ಯಂತ್ರವೇ ಅದನ್ನು ಸುರಿದು ಖಾಲಿ ಮಾಡುತ್ತದೆ, ಅದಕ್ಕೂ ಒಂದು ನಿಯಮ ಯಾಕೆ ಎಂಬುದು ಅವರ ವಾದ. ಆ ವಾರವೆಲ್ಲ ಚಹಾದ ಹೊತ್ತಿಗೆ ಇದೇ ಚರ್ಚೆ. ತೀರ್ಪುಗಾರರೇ ಎದುರಾಳಿಯಾದ ಸ್ಪರ್ಧೆಯಲ್ಲಿ ಗೆದ್ದವರನ್ನು ನಾನು ನೋಡಿಲ್ಲ.

"ಯಾರಿಗೂ ಗೊತ್ತಾಗಲ್ಲ ಕಣಮ್ಮಾ," ಎಂದರು ಅವರು.

"ನನ್ನ ಭಯನೂ ಅದೇ ಸರ್. ಯಾರಿಗೂ ಗೊತ್ತಾಗಲ್ಲ."

ನಾನು ಸೋತೆ. ನಿಯಮ ಎರಡು ಕಾಲಿನ ಮೇಲೆ ನಿಂತಿತು.

ನಯಾಜ್ ಸರ್ ಬಗ್ಗೆ ಒಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅವರ ತಂದೆ ಮಹಬೂಬ್ ಸಾಬರು ಕುಣಿಗಲ್‌ನಲ್ಲಿ ಕಲಾಯಿ ಕೆಲಸ ಮಾಡಿದವರು. ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಕಿಲುಬಬಾರದು ಎಂದು ಒಳಗೆಲ್ಲ ತವರ ಬಳಿಯುತ್ತಾರಲ್ಲ, ಆ ಕೆಲಸ. ಮೊದಲು ಬೆಂಕಿಗೆ ಗಾಳಿ ಊದುವ ತಿದಿ ಹೊತ್ತುಕೊಂಡು ಗುಬ್ಬಿಯ ಬೀದಿಗಳಿಗೂ ಬರುತ್ತಿದ್ದರು. ರಸ್ತೆ ಬದಿಯಲ್ಲಿ ಗುಂಡಿ ತೋಡಿ ಇದ್ದಿಲು ಹಾಕಿ ಕೂತರೆ ಬೀದಿಯ ಹಂಡೆ, ಕೊಳಗ, ಬೋಸಿಗಳೆಲ್ಲ ಸಾಲು ನಿಲ್ಲುತ್ತಿದ್ದವಂತೆ. ಕರಿ ಪಾತ್ರೆ ಕೊಟ್ಟರೆ ಬೆಳ್ಳಿಯಂಥ ಪಾತ್ರೆ ಕೈಗೆ ಬರುತ್ತಿತ್ತು. ಏನು ಕೆಲಸ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಮಗನ ಕೆಲಸ ಮಾತ್ರ ಅವರ ಕಣ್ಣಿಗೆ ಬೀಳಲೇ ಇಲ್ಲ. ಯಾರಾದರೂ ಕೇಳಿದರೆ, ಅವ್ನು ಮಾತು ಮಾಡ್ತಾನೆ, ಸಾಮಾನು ಏನೂ ಇಲ್ಲ ಎನ್ನುತ್ತಿದ್ದರು. ಅದರಲ್ಲಿ ಕೊಂಕಿರಲಿಲ್ಲ, ಅದೇ ನಯಾಜ್ ಸರ್‌ಗೆ ಹೆಚ್ಚು ನೋವು.

ಭಾನುವಾರ ಕುಣಿಗಲ್‌ಗೆ ಹೋಗುವ ಮುನ್ನ ಅವರು ನಮ್ಮ ಮುಂದೆ ಅಭ್ಯಾಸ ಮಾಡುತ್ತಿದ್ದರು. ಅಬ್ಬಾ ಕೇಳಿದರೆ ಹೀಗೆ ಹೇಳ್ತೀನಿ, ಅಚ್ಚು ಅಂದರೆ ಹೀಗೆ ವಿವರಿಸ್ತೀನಿ ಎಂದು. ಸೋಮವಾರ ನಾನು, ಕೇಳಿದ್ರಾ ಸರ್ ಎನ್ನುತ್ತಿದ್ದೆ.

"ಇಲ್ಲಮ್ಮ. ಊಟ ಆಯ್ತಾ ಅಂತ ಕೇಳಿದ್ರು."

ಇದು ನಾನು ಸೇರಿದಾಗಿನಿಂದ ನಡೆದು ಬಂದ ಸೋಮವಾರಗಳ ವರದಿ. ಮಕ್ಕಳಿರುವ ನಡುವಯಸ್ಸಿನ ಮನುಷ್ಯ ಒಂದು ಪ್ರಶ್ನೆಗಾಗಿ ಹೀಗೆ ಕಾಯಬಹುದೇ ಎಂದು ನನಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ನಾನೂ ಕಾಯತೊಡಗಿದೆ.

ಆಗ ಗುಬ್ಬಿಯ ಒಂದು ಬಡಾವಣೆಯವರು ಹೊಸದಾಗಿ ಗೆಳೆಯರ ಸಂಘ ಕಟ್ಟಿಕೊಂಡರು. ತಮ್ಮ ತಾಯಂದಿರ ಪಾತ್ರೆಗಳನ್ನೆಲ್ಲ ಬೆಳಗಿಕೊಟ್ಟವರಿಗೆ ಉದ್ಘಾಟನೆಯ ದಿನ ಸನ್ಮಾನ ಮಾಡಬೇಕೆಂದು ಮಹಬೂಬ್ ಸಾಬರನ್ನು ಕರೆದರು. ಈ ಸುದ್ದಿ ಕೇಳಿದ ದಿನ ನಯಾಜ್ ಸರ್ ಕುರ್ಚಿಯಲ್ಲಿ ಕೂರಲಿಲ್ಲ. ನಿರೂಪಣೆ ನಮ್ಮದೇ ಆಗಬೇಕು, ಅದನ್ನು ತಬಸ್ಸುಮ್ಮೇ ಓದಬೇಕು ಎಂದರು. ಅಬ್ಬಾ ತಮ್ಮ ಹೆಸರನ್ನು ಮೈಕಿನಲ್ಲಿ ಕೇಳುತ್ತಾರೆ, ಇಷ್ಟು ಚೆನ್ನಾಗಿ ಬರೆದದ್ದು ಯಾರು ಎಂದು ಕೇಳೇ ಕೇಳುತ್ತಾರೆ. ಅವರ ಲೆಕ್ಕಾಚಾರ ಅದು. ನಾನು ಕೂಡ ಯಾವ ಆಕ್ಷೇಪವನ್ನೂ ಎತ್ತಲಿಲ್ಲ. ಶಿವಕುಮಾರ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ನೋಡಿದ.

ಕಾರ್ಯಕ್ರಮದ ಬೆಳಿಗ್ಗೆ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ, ಸ್ಮರಣೆಯ ಭಾಗಕ್ಕೆ ಅಗಲಿದ ಸದಸ್ಯರ ಹೆಸರು ಹೇಳಿ ಎಂದೆವು. ಅವರು ಸಂಕೋಚಪಟ್ಟರು.

"ನಮ್ ಸಂಘ ಇನ್ನೂ ಹೊಸದು ಸಾರ್. ಯಾರೂ ಹೋಗಿಲ್ಲ."

ನಮ್ಮ ಅಚ್ಚಿಗೆ ಇಂಥ ಪರಿಸ್ಥಿತಿ ಯಾವತ್ತೂ ಬಂದಿರಲಿಲ್ಲ. ನಮ್ಮ ಸೀಮೆಯಲ್ಲಿ ಹಿಂದಿನ ಸಭೆಗೂ ಮುಂದಿನ ಸಭೆಗೂ ನಡುವೆ ಯಾರಾದರೊಬ್ಬರು ಹೋಗಿಯೇ ಇರುತ್ತಾರೆ. ಒಬ್ಬರೂ ಸಾಯದ ಸಂಘವನ್ನು ನಾವು ಊಹಿಸಿಯೇ ಇರಲಿಲ್ಲ. ಶಿವಕುಮಾರ ಮಾಡಿಕೊಡುತ್ತೇನೆಂದ. ಇದು ಅಬ್ಬಾನ ಕಾರ್ಯಕ್ರಮ, ನಾನೇ ಮಾಡ್ತೀನಿ ಎಂದು ನಯಾಜ್ ಸರ್ ಕೂತು ಒಂದೇ ಒಂದು ಸಾಲು ಬರೆದರು: ಹೆಸರಿಲ್ಲದಿದ್ದರೆ ಇಲ್ಲಿಂದಲೇ ಹಿಂದಿರುಗು. ಸಾಲು ಸರಿಯಾಗಿಯೇ ಇತ್ತು. ಆದರೆ ಅವರು ಅದನ್ನು ಹಾಕಿದ್ದು ಪಾತ್ರೆ ಇಟ್ಟು, ಮೌನಾಚರಣೆಯ ವಾಕ್ಯವನ್ನು ಅದರೊಳಗೆ ಹಾಕಿ ಆದ ಮೇಲೆ. ಹೆಸರಿಲ್ಲವೆಂದು ಅಚ್ಚು ಹಿಂದಿರುಗಿತು. ಪಾತ್ರೆಯನ್ನು ಎತ್ತಲಿಲ್ಲ, ಒಳಗಿದ್ದ ವಾಕ್ಯವನ್ನು ಚೆಲ್ಲಲಿಲ್ಲ. ಮುಂದಿನ ಭಾಗವಾದ ಸನ್ಮಾನ ಬಂದು ಅದೇ ಪಾತ್ರೆಗೆ ಬಿತ್ತು. ಕೊನೆಯಲ್ಲಿ ಯಂತ್ರ, ನಯಾಜ್ ಸರ್ ಭರವಸೆ ಕೊಟ್ಟಿದ್ದ ಹಾಗೆಯೇ, ಎಲ್ಲವನ್ನೂ ತಾನಾಗಿ ಸುರಿದು ಖಾಲಿ ಮಾಡಿತು. ಯಾರಿಗೂ ಗೊತ್ತಾಗಲಿಲ್ಲ.

ಸಭೆ ಶಾಮಿಯಾನದ ಕೆಳಗೆ. ಸಾಬರು ವೇದಿಕೆಯ ನಡುವಿನ ಕುರ್ಚಿಯಲ್ಲಿ ಬಿಳಿ ಜುಬ್ಬಾ ಹಾಕಿಕೊಂಡು ಕೂತಿದ್ದರು. ನಯಾಜ್ ಸರ್ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಪ್ರಾರ್ಥನೆ ಮುಗಿಯಿತು, ಸ್ವಾಗತ ಮುಗಿಯಿತು, ನನ್ನ ಗಂಟಲು ಒಳ್ಳೆ ಲಹರಿಯಲ್ಲಿತ್ತು. ಚರ್ಚಾ ಸ್ಪರ್ಧೆಯಲ್ಲಿ ನಮಗೆ ಮೊದಲು ಕಲಿಸುವುದೇ ಉಸಿರಿಗೆ ನಿಲ್ಲಬೇಡ, ನಿಂತರೆ ಎದುರಾಳಿ ನುಗ್ಗುತ್ತಾನೆ ಎಂದು. ಟ್ಯಾಬ್ ಮೇಲೆ ಮೂಡಿದ್ದನ್ನು ನಾನು ಒಂದೇ ಉಸಿರಿನಲ್ಲಿ ಓದಿದೆ: ನಮ್ಮನ್ನು ಅಗಲಿದ ಈ ಹಿರಿಯ ಚೇತನಕ್ಕೆ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ, ಕುಣಿಗಲ್‌ನ ಹೆಸರಾಂತ ಕಲಾಯಿ ಕುಶಲಕರ್ಮಿ ಜನಾಬ್ ಮಹಬೂಬ್ ಸಾಹೇಬರು.

ಎದ್ದು ನಿಲ್ಲಿ ಎಂದು ಮೈಕು ಹೇಳಿದರೆ ನಮ್ಮ ಜನ ಎದ್ದು ನಿಲ್ಲುತ್ತಾರೆ. ಯಾರಿಗೆ, ಯಾಕೆ ಎಂದು ಆಮೇಲೆ ಯೋಚಿಸುತ್ತಾರೆ. ಇಡೀ ಶಾಮಿಯಾನ ಎದ್ದಿತು. ಅಧ್ಯಕ್ಷರು ಎದ್ದರು. ಸಾಬರೂ ಎದ್ದರು, ಜುಬ್ಬಾ ಸರಿ ಮಾಡಿಕೊಂಡು ಕೈಕಟ್ಟಿ ತಲೆ ತಗ್ಗಿಸಿ ನಿಂತರು. ಅವರು ತಮ್ಮದೇ ಮೌನಾಚರಣೆಯಲ್ಲಿ ಎಲ್ಲರಿಗಿಂತ ಶ್ರದ್ಧೆಯಿಂದ ನಿಂತಿದ್ದರು.

ನನಗೆ ಅಷ್ಟರಲ್ಲಿ ಅರ್ಥವಾಗಿತ್ತು. ನಾಲಿಗೆ ತುದಿಯಲ್ಲಿ ತಿದ್ದುಪಡಿ ಸಿದ್ಧವಿತ್ತು, ಕ್ಷಮಾಪಣೆ ಸಿದ್ಧವಿತ್ತು, ಒಂದೆರಡು ಸಮರ್ಥನೆಗಳೂ ಇದ್ದವು. ಆದರೆ ಮೌನಾಚರಣೆಯ ನಡುವೆ ಬಾಯಿ ಬಿಡುವುದು ಹೇಗೆ? ಜೀವನದಲ್ಲಿ ಮೊದಲ ಸಲ ನಾನು ಒಂದು ನಿಮಿಷ ಮಾತನ್ನು ಹಿಡಿದುಕೊಂಡು ನಿಂತೆ. ಹಿಂದಿನ ಸಾಲಿನಲ್ಲಿ ನಯಾಜ್ ಸರ್ ಮುಖ ಸುಣ್ಣದ ಹಾಗಾಗಿತ್ತು. ಅದೇ ಹೊತ್ತಿಗೆ ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಕಡೆಯಿಂದ ಒಂದು ಹೆಲಿಕಾಪ್ಟರ್ ಹಾರಿ ಬಂದು ನೆತ್ತಿಯ ಮೇಲೆ ಭರ್ರೆಂದು ಸುತ್ತು ಹಾಕಿತು. ಎಲ್ಲರೂ ಒಟ್ಟಿಗೆ ತಲೆಯೆತ್ತಿ ಶಾಮಿಯಾನದ ಬಟ್ಟೆಯನ್ನೇ ನೋಡಿದರು. ಸಾಬರೂ ನೋಡಿದರು, ತಮ್ಮನ್ನು ಕರೆದೊಯ್ಯಲು ಬಂದಿರಬಹುದೇ ಎಂಬ ಹಾಗೆ.

ನಿಮಿಷ ಮುಗಿಯಿತು. ಎಲ್ಲರೂ ಕೂತರು. ನಾನು ಬಾಯಿ ತೆರೆಯುವಷ್ಟರಲ್ಲಿ ಸಾಬರು ಬಂದು ಮೈಕನ್ನು ತಮ್ಮ ಕಡೆಗೆ ಬಗ್ಗಿಸಿಕೊಂಡರು.

"ನಾನ್ ಇನ್ನೂ ಇದೀನಿ ಕಣ್ರಪ್ಪಾ," ಎಂದರು.

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅದು ಹಿಂದಿನವರೆಗೆ ಹಬ್ಬಿತು. ಸಾಬರು ಕಾಯ್ದರು. ನಗುವಿಗೆ ಎಷ್ಟು ಹೊತ್ತು ಜಾಗ ಕೊಡಬೇಕೆಂದು ಅವರಿಗೆ ಗೊತ್ತಿತ್ತು. ನನಗೆ ಇವತ್ತಿಗೂ ಬರದ ವಿದ್ಯೆ ಅದು.

"ಹೋದೋನಿಗೆ ಯಾರ್ ನಿಂತ್ರು, ಯಾರ್ ಕೂತಿದ್ರು ಗೊತ್ತಾಗಲ್ಲ. ನಾನ್ ಕಣ್ಣಾರೆ ನೋಡ್ಬುಟ್ಟೆ. ಎಲ್ರೂ ನಿಂತ್ರಿ. ಆ ಕಂಬದ ಹತ್ರ ಚನ್ನಪ್ಪ ಅವ್ನೆ ನೋಡಿ, ಅವ್ರ ಹಂಡೆಗೆ ನಾನ್ ಹಾಕಿದ್ ಕಲಾಯಿ ತಿಂಗ್ಳಿಗೇ ಕಿತ್ಕೊಂಡ್ ಹೋಗಿತ್ತು. ಅವ್ನೂ ನಿಂತ."

ಚನ್ನಪ್ಪ ಎಂಬುವವರು ಎದ್ದು ಕೈಮುಗಿದರು. ಶಾಮಿಯಾನದಲ್ಲಿ ಯಾರೂ ನೆಟ್ಟಗೆ ಕೂತಿರಲಿಲ್ಲ. ಸಾಬರು ನನ್ನ ಕಡೆ ತಿರುಗಿ, ಇದನ್ನ ಬರ್ದಿದ್ದು ಯಾರು ಬೇಟಿ ಎಂದು ಕೇಳಿದರು. ಓದಿದ್ದು ನಾನು, ಬರೆದದ್ದು ಯಂತ್ರ, ಯಂತ್ರಕ್ಕೆ ಹೇಳಿದ್ದು ಇನ್ನೊಬ್ಬರು. ಹೊಣೆ ಯಾರದು ಎಂಬುದು ಬಹಳ ಒಳ್ಳೆಯ ಚರ್ಚಾ ವಿಷಯ. ಆದರೆ ನಾನು ಚರ್ಚೆ ಮಾಡಲಿಲ್ಲ. ಹಿಂದಿನ ಸಾಲಿನ ಕಡೆ ಕೈ ತೋರಿಸಿದೆ.

"ನಯಾಜ್, ಬಾರೋ ಇಲ್ಲಿ," ಎಂದರು ಸಾಬರು ಮೈಕಿನಲ್ಲೇ. ಅವರು ಬಂದು ನಿಂತ ಮೇಲೆ ಕೇಳಿದರು: "ಇದನ್ನ ಹೆಂಗ್ ಮಾಡ್ತೀಯೋ ನೀನು?"

ಅಷ್ಟು ಭಾನುವಾರ ಅಭ್ಯಾಸ ಮಾಡಿದ್ದ ಉತ್ತರ ನಯಾಜ್ ಸರ್ ಬಾಯಿಂದ ಹೊರಡಲಿಲ್ಲ. ಬದಲಿಗೆ ಅರ್ಧ ಉರ್ದು, ಅರ್ಧ ಕನ್ನಡದಲ್ಲಿ ಶುರು ಮಾಡಿದರು. ಅಚ್ಚು, ಪಾತ್ರೆ, ಪಾತ್ರೆಯೊಳಗೆ ಪಾತ್ರೆ, ಒಗ್ಗರಣೆ ಸೌಟು ಎಲ್ಲವನ್ನೂ ಕೈಯಲ್ಲಿ ಗಾಳಿಯೊಳಗೇ ಬರೆದು ತೋರಿಸಿದರು. ಮೈಕು ಚಾಲೂ ಇತ್ತು. ಬಫರ್ ಬಗ್ಗೆ ಇಷ್ಟು ಜನ ಇಷ್ಟು ಗಮನ ಕೊಟ್ಟು ಕೇಳಿದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಊಟದ ಬಾಳೆಎಲೆ ಹಾಸುತ್ತಿದ್ದವರೂ ಬಂದು ನಿಂತರು.

"ಹಂಗಾದ್ರೆ ಪಾತ್ರೆ ಎತ್ದೆ ಬಂದ್ಬುಟ್ಯಾ?"

"ಹೌದು ಅಬ್ಬಾ."

"ಎತ್ಬೇಕು ಅಂತ ಯಾರೂ ಹೇಳ್ಲಿಲ್ವಾ?"

ನಯಾಜ್ ಸರ್ ನನ್ನನ್ನು ನೋಡಿದರು. ಆ ಕ್ಷಣದಲ್ಲಿ ಅವರು ಏನು ಬೇಕಾದರೂ ಹೇಳಬಹುದಿತ್ತು.

"ಈ ಹುಡ್ಗಿ ಹೇಳಿದ್ಲು ಅಬ್ಬಾ. ನಾನೇ ಕೇಳ್ಲಿಲ್ಲ."

ನನ್ನ ಕಪಾಟಿನಲ್ಲಿ ಚರ್ಚಾ ಸ್ಪರ್ಧೆಯ ಪಾರಿತೋಷಕಗಳು ಬೇಕಾದಷ್ಟಿವೆ. ಒಂದನ್ನೂ ಹೀಗೆ, ಶಾಮಿಯಾನದ ಕೆಳಗೆ, ಎದುರಾಳಿಯ ಬಾಯಿಂದಲೇ, ಮೈಕಿನಲ್ಲಿ ಗೆದ್ದದ್ದಲ್ಲ. ಕುಣಿಯಬೇಕೆನಿಸಿತು. ಕುಣಿಯಲಿಲ್ಲ, ಸನ್ಮಾನದ ಭಾಗ ಇನ್ನೂ ಬಾಕಿ ಇತ್ತು. ಸಾಬರು ಮಗನ ಬೆನ್ನ ಮೇಲೆ ಕೈಯಿಟ್ಟು, ಹೆಸರಾಂತ ಅಂತೆಲ್ಲ ಚೆನ್ನಾಗ್ ಬರ್ದಿದೀಯ, ಅದನ್ನ ಇನ್ನೊಂದ್ ಸಲ ಓದ್ಸು ಎಂದರು. ನಾನು ಓದಿದೆ, ಈ ಸಲ ಮೌನವನ್ನು ಬಿಟ್ಟು. ಶಾಲು ಹೊದಿಸಿದರು, ಚನ್ನಪ್ಪನವರೇ ಹಾರ ಹಾಕಿದರು.

ಮರುದಿನ ನಾನು ಬರುವಷ್ಟರಲ್ಲಿ ನಿಯಮದ ಮೂರನೆಯ ಕಾಲು ಜಾರಿಗೆ ಬಂದಿತ್ತು. ಶಿವಕುಮಾರ ಅದಕ್ಕೊಂದು ಕಾವಲನ್ನೂ ಕಟ್ಟಿದ್ದ. ಪ್ರತಿ ಅಚ್ಚು ಒಳಗೆ ಹೋಗುವಾಗ ಎಷ್ಟು ಪಾತ್ರೆಗಳಿದ್ದವೋ ಹೊರಗೆ ಬರುವಾಗಲೂ ಅಷ್ಟೇ ಇರಬೇಕು, ಹೆಚ್ಚು ಕಡಿಮೆ ಆದರೆ ಯಂತ್ರ ಅಲ್ಲೇ ಕೂತು ಅಳಬೇಕು. ಹೊಸಬರಿಗೆ ನಾನು ಕೊಡುವ ಬುದ್ಧಿಮಾತು ಇದೊಂದೇ: ತಾನಾಗಿ ಸರಿಹೋಗುವ ತಪ್ಪುಗಳಿಗೆ ಹೆದರಿ, ಜೋರಾಗಿ ಅಳುವ ತಪ್ಪುಗಳನ್ನು ಪ್ರೀತಿಸಿ.

ಸೋಮವಾರಗಳ ವರದಿಯೂ ಬದಲಾಯಿತು. ಸಾಬರು ಈಗ ಊಟಕ್ಕೆ ಮೊದಲೇ, ಈ ವಾರ ಯಾರನ್ನ ಕೊಂದೆ ಎಂದು ಕೇಳುತ್ತಿದ್ದರಂತೆ. ನಯಾಜ್ ಸರ್ ಅದನ್ನು ನಮಗೆ ಹೇಳುವಾಗ ಪ್ರತಿ ಸಲವೂ ಮೊದಲ ಸಲ ಹೇಳುವವರ ಹಾಗೆ ಹೇಳುತ್ತಿದ್ದರು. ಸಾಬರು ಕುಣಿಗಲ್ ಬಸ್ಸಿನಲ್ಲೆಲ್ಲ, ನನ್ ಮಗ ನನ್ನ ಒಂದ್ ನಿಮಿಷ ಸಾಯಿಸಿದ್ದ ಎಂದು ಹೇಳಿಕೊಂಡು ತಿರುಗಿದ್ದರಿಂದ ನಮಗೆ ಸಿಕ್ಕ ಕಾರ್ಯಕ್ರಮಗಳಿಗೆ ಲೆಕ್ಕವಿಲ್ಲ.

ಆಮೇಲೆ ಪದ್ಧತಿಯೇ ಬದಲಾಯಿತು. ಅಚ್ಚುಗಳು ನೇರವಾಗಿ ಹೊರಗೆ ಬರೆಯುವುದನ್ನು ಬಿಟ್ಟು ತಮ್ಮ ಮಾತನ್ನು ಕೇಳಿದವರ ಕೈಗೆ ತಂದು ಕೊಡುವುದನ್ನು ಕಲಿತವು, ಕೆಳಗೆ ಪಾತ್ರೆ ಇಡುವ ಅಗತ್ಯವೇ ಉಳಿಯಲಿಲ್ಲ. ಅದರ ಮೇಲೆ, ಕೇಳಿದ ಕೂಡಲೇ ಭಾಷಣವನ್ನೇ ಬರೆದುಕೊಡುವ ಯಂತ್ರಗಳು ಬಂದವು. ಅವುಗಳ ಸ್ವಾಗತ ಭಾಷಣ ಓದಿದ್ದೇನೆ, ನನಗೆ ಅನುಮಾನ ಬಗೆಹರಿದಿಲ್ಲ, ಅದು ಬೇರೆ ವಾದ. ನಯಾಜ್ ಸರ್ ಮತ್ತು ಶಿವಕುಮಾರ ಹೊಸ ಕೆಲಸಕ್ಕೆ ಕೈಹಾಕಿದರು. ನಾನು ಕಾನೂನು ಓದುತ್ತೇನೆಂದೆ. ಇಷ್ಟು ವರ್ಷ ತಡ ಮಾಡಿದೆ ಎಂದು ಅಮ್ಮಿ ಬೈದರು.

ಬೀಳ್ಕೊಡುಗೆ ಆ ಎರಡು ಕೋಣೆಗಳಲ್ಲೇ. ಹಳೆಯ ಯಂತ್ರದಿಂದ ಕೊನೆಯ ನಿರೂಪಣೆ ತೆಗೆದು ಶಿವಕುಮಾರ ಓದಿದ. ಸ್ವಾಗತ ಮೊದಲೇ ಬಂತು, ವಂದನೆ ಕೊನೆಯಲ್ಲೇ ಇತ್ತು, ಶಾಲು ನಡುವೆ ಬಂತು. ಹೌದು, ನನಗೂ ಬಂತು. ಉತ್ತರವಾಗಿ ನಾನು ಮಾತಾಡಬೇಕು. ನಾಲ್ಕು ದಿನದಿಂದ ಭಾಷಣ ಉರು ಹೊಡೆದಿದ್ದೆ. ಮೈಕಿನ ಹತ್ತಿರ ಹೋಗುವಷ್ಟರಲ್ಲಿ ಕುಣಿಗಲ್‌ನಿಂದ ಬಂದು ಮೂಲೆಯಲ್ಲಿ ಕೂತಿದ್ದ ಮಹಬೂಬ್ ಸಾಬರು ಕೋಲೂರಿ ಎದ್ದರು.

"ನಮ್ಮನ್ನ ಅಗಲಿ ಹೋಗ್ತಿರೋ ಬೇಟಿ ತಬಸ್ಸುಮ್‌ಗೆ," ಎಂದರು, "ಒಂದ್ ನಿಮಿಷ. ಎಲ್ಲಾ ಎದ್ ನಿಂತ್ಕೊಳ್ರಿ."

ಎಲ್ಲರೂ ನಿಂತರು. ನಯಾಜ್ ಸರ್, ಶಿವಕುಮಾರ, ಕೆಳಗಿನ ಹಾರ್ಡ್‌ವೇರ್ ಅಂಗಡಿಯವರು, ಅಬ್ಬಾ, ಅಮ್ಮಿ. ಅಮ್ಮಿಯಂತೂ ಈ ನಿಮಿಷಕ್ಕಾಗಿ ಮೂವತ್ತು ವರ್ಷ ಕಾದವರ ಹಾಗೆ ನಿಂತಿದ್ದರು. ನಾನೂ ಕೈಕಟ್ಟಿ ನಿಂತೆ. ಅರ್ಧದಲ್ಲಿ, ಕ್ರಮಲೋಪ ಎತ್ತಬೇಕೆಂದು ಬಾಯಿ ತೆರೆದೆ. ಸಾಬರು ತುಟಿಯ ಮೇಲೆ ಬೆರಳಿಟ್ಟು, ಇನ್ನೂ ಟೈಮ್ ಇದೆ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದರು. ಅವರ ಹೆಗಲು ಕುಲುಕುತ್ತಿತ್ತು.

ಯಾರ್ ನಿಂತ್ರು ಅಂತ ಕಣ್ಣಾರೆ ನೋಡಿದೆ. ನಿಮಿಷ ಮುಗಿದಾಗ ಎಲ್ಲರೂ ನಗುತ್ತಿದ್ದರು, ಯಾರೋ ಹೋಳಿಗೆ ತಂದರು, ನನ್ನ ಭಾಷಣ ಹಾಗೆಯೇ ಉಳಿದುಹೋಯಿತು. ಆ ನಿಮಿಷ ನಾನು ಹಿಡಿದುಕೊಂಡದ್ದೆಲ್ಲ ಪಾತ್ರೆಯಲ್ಲೇ ಇತ್ತು. ಇಟ್ಟವರೇ ಎತ್ತಬೇಕೆಂದು ವಾದಿಸಿದವಳು ನಾನು. ಇಗೋ, ಇದನ್ನೆಲ್ಲ ಬರೆದು ಎತ್ತಿದ್ದೇನೆ.